ಗಾಜಿಗೊಂದು ಹೊದಿಕೆ

ಫೆಬ್ರವರಿ ೬, ಗುರುವಾರ

ತಾರಸಿಯ ಮೇಲಿನ ನನ್ನ ಸೋಲಾರ್ ಹೀಟರಿನಲ್ಲಿ ನೀರು ಯಾಕೆ ಕಾಯುತ್ತಿರಲಿಲ್ಲ ಎಂಬುದು ಇವತ್ತು ಗೊತ್ತಾಯಿತು. ಮರದ ಪೆಟ್ಟಿಗೆ, ಒಳಗೆ ಕಪ್ಪು ಬಳಿದ ತಾಮ್ರದ ಪೈಪು, ಮೇಲೆ ಹಳೇ ಕಿಟಕಿಯ ಗಾಜು, ಎಲ್ಲ ನಾನೇ ಕೂಡಿಸಿದ್ದು. ಪೈಪಿನ ಇಳಿಜಾರು ಬದಲಿಸಿ ನೋಡಿದರೂ ಅದಕ್ಕೆ ಜೋಡಿಸಿದ ಡ್ರಮ್ಮಿನ ನೀರು ತಣ್ಣಗೇ ಇರುತ್ತಿತ್ತು. ಅತ್ತೆ ಮಾತ್ರ ದಿನಾ ಸ್ನಾನ ಮುಗಿಸಿ ಬಂದು, "ಹದವಾಗಿತ್ತು ಕಣೇ" ಅನ್ನುತ್ತಿದ್ದರು. ಅವರ ಚರ್ಮವೇ ದಪ್ಪ ಇರಬೇಕು ಅಂದುಕೊಂಡಿದ್ದೆ.

ಇವತ್ತು ಹೊಲಿಗೆ ಅಂಗಡಿಯಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಬಂದೆ. ತಾರಸಿ ಹತ್ತಿದರೆ, ಗಾಜಿನ ತುಂಬ ದಪ್ಪ ಹೊದಿಕೆ! ಗಾಳಿಗೆ ಹಾರದಂತೆ ಮೂಲೆಗೊಂದು ಇಟ್ಟಿಗೆ ಬೇರೆ.

"ಅಷ್ಟು ಕಷ್ಟಪಟ್ಟು ಮಾಡಿದ್ದೀಯ, ಬಿಸಿಲಿಗೆ ಗಾಜು ಒಡೆದುಹೋದ್ರೆ? ಅದಕ್ಕೇ ನೀನು ಕೆಲಸಕ್ಕೆ ಹೋದ ಮೇಲೆ ಹೊದಿಸ್ತೀನಿ, ಬರೋ ಹೊತ್ತಿಗೆ ತೆಗೀತೀನಿ" ಅಂದರು ಅತ್ತೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೊದಿಕೆ ಕಿತ್ತು ಮಡಿಸಿಟ್ಟೆ.

ಸಂಜೆ ಸ್ನಾನಕ್ಕೆ ಹೋದ ಅತ್ತೆ ಬಕೆಟ್ಟಿಗೆ ಕೈ ಹಾಕಿ ಬೆಚ್ಚಿದರು. "ಅಯ್ಯೋ, ಇವತ್ತು ಬಿಸಿ ಇದೆಯಲ್ಲೇ!" ಅಂದವರೇ ತಟ್ಟನೆ ಬಾಯಿ ಮುಚ್ಚಿಕೊಂಡರು.

ಹಾಗಾದರೆ ಇಷ್ಟು ದಿನ, ಈ ಚಳಿಯಲ್ಲಿ, ಆ ಮಂಡಿನೋವು ಇಟ್ಟುಕೊಂಡು, ಬರೀ ನನ್ನ ಮುಖ ನೋಡಿ ಅವರು ತಣ್ಣೀರಲ್ಲೇ...