ಅಂಗಾಲಮ್ಮನ ಫೋಟೊ

ಏಪ್ರಿಲ್ 14
ಇಂದು ಅರವತ್ತೆರಡು ಮಚ್ಚೆಗಳ ದರ್ಶನಭಾಗ್ಯ. ಕೊರೊನಾ ಸೋಂಕಿನ ದೆಸೆಯಿಂದ ನಮ್ಮ ಚರ್ಮದ ಕ್ಯಾನ್ಸರ್ ವಿಭಾಗಕ್ಕೆ ಅರ್ಧ ಬೀಗ. ರೋಗಿಗಳು ಫೋಟೊ ಕಳಿಸುತ್ತಾರೆ, ನಾನು ಡಾಕ್ಟರಿಗೆ ದಾಟಿಸುತ್ತೇನೆ. ಸಕಲ ಮಚ್ಚೆಗಳ ಮಹಾದ್ವಾರಪಾಲಕ! ಡಾಕ್ಟರು — ಗುಟ್ಟಾಗಿ ‘ಭೂತಗನ್ನಡಿ’ — ಬರೆಯುವುದು ಎರಡೇ ಮಾತು: ‘ಕಾಯಬಹುದು’ ಅಥವಾ ‘ಕೂಡಲೇ’. ಫೋನ್ ಮಾಡಿ ತಿಳಿಸುವ ಪುಣ್ಯಕಾರ್ಯ ನನ್ನದು.

“ಕಾಯಬಹುದು” ಎಂದಾಗ ಇವತ್ತು ಒಬ್ಬರು ಮೇಷ್ಟ್ರು ಅತ್ತುಬಿಟ್ಟರು. “ಎಷ್ಟು ದಿನ ಅಂತ ಹೇಳಪ್ಪಾ...” ನನಗೇನು ಗೊತ್ತು?

ಏಪ್ರಿಲ್ 17
ಭೂತಗನ್ನಡಿ ನಕ್ಕಿದ್ದನ್ನು ಕಂಡವರಿಲ್ಲ. ಲೋಕಕಲ್ಯಾಣಾರ್ಥ ಅಕ್ಕನ ಅಂಗಾಲಿನ ಮೇಲೆ ಮಾರ್ಕರ್‌ನಿಂದ ಒಂದು ಭಯಂಕರ ಮಚ್ಚೆ ಬರೆದೆ.

“ಕಚಗುಳಿ ಕಣೋ, ಕೋತಿ!”

“ಅಲ್ಲಾಡ್ಬೇಡಕ್ಕ, ಕಲೆ ಕೆಡುತ್ತೆ.”

ರೋಗಿಯ ಹೆಸರು: ಶ್ರೀಮತಿ ಅಂಗಾಲಮ್ಮ. ಸರದಿಗೆ ಸೇರಿಸಿದೆ.

ಅದೇ ದಿನ, ಸಂಜೆ 4
ಉತ್ತರ ಬಂತು.

‘ಮಸಿ ಚೆನ್ನಾಗಿದೆ. ಹಿಮ್ಮಡಿ ಹತ್ತಿರದ್ದು ಮಸಿಯಲ್ಲ. ಯಾರ ಕಾಲು? ಕೂಡಲೇ.’

ನಗುತ್ತಲೇ ಓದಿದೆ. ನಗು ಮುಖದ ಮೇಲೇ ಉಳಿಯಿತು, ತೆಗೆಯಲು ಬರಲಿಲ್ಲ.

ಅಕ್ಕ ನಂಬಲಿಲ್ಲ. “ಸಾಕು ನಿನ್ನ ನಾಟಕ. ಅದು ಚಪ್ಪಲಿ ಕಚ್ಚಿದ ಕಲೆ.” ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಉಜ್ಜಿದಳು. ನನ್ನದು ಹೋಯಿತು. ಅದು ಹೋಗಲಿಲ್ಲ.

ಏಪ್ರಿಲ್ 25
ಅಕ್ಕನ ಆ ಕಲೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರೇ.

ಡಾಕ್ಟರು ಮಾಸ್ಕ್ ಸರಿಮಾಡಿಕೊಂಡು ಹೇಳಿದರು: “ಇದು ಕಾಯೋ ಜಾತಿ ಅಲ್ಲಪ್ಪ. ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಅಲ್ಲೀತನಕ ಅವಳಿಗೆ ಸೋಂಕು ತಗಲಬಾರದು. ತಗಲಿದ್ರೆ ವಾರಗಟ್ಟಲೆ ಥಿಯೇಟರ್ ಒಳಗೆ ಬಿಡೋಕಾಗಲ್ಲ.”

“ಸರಿ ಸಾರ್” ಎಂದೆ.

ಮನೆಯಲ್ಲಿ ದಿನಾ ಆಸ್ಪತ್ರೆಗೆ ಹೋಗಿಬರುವವನು ನಾನೊಬ್ಬನೇ. ಇಂದಿನಿಂದ ರಜೆ. ಹಾಸಿಗೆ ಹೊರಕೋಣೆಗೆ. ತಡವಾಯಿತೇನೋ... ಛೆ.

ಏಪ್ರಿಲ್ 30, ಬೆಳಿಗ್ಗೆ 6
ಕಾಫಿ ಮಾಡಿ ಅಕ್ಕನ ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು ದೂರ ನಿಂತೆ. ಒಂದು ಗುಟುಕು ಕುಡಿದು ದಿಟ್ಟಿಸಿದಳು.

“ಇದಕ್ಕೇನೋ ಕಿತಾಪತಿ ಮಾಡಿದ್ದೀಯಾ? ವಾಸನೆನೂ ಇಲ್ಲ, ರುಚಿನೂ ಇಲ್ಲ.”

“ಏನೂ ಮಾಡಿಲ್ಲಕ್ಕ.”

“ಬರೀ ಬಿಸಿನೀರು! ನಾಳೆ ಆಪರೇಷನ್ ಕಣೋ, ಇವತ್ತಾದ್ರೂ ಬಿಡೋ!”

ಅದೇ ಪಾತ್ರೆಯಿಂದ ಬಗ್ಗಿಸಿದ ನನ್ನ ಲೋಟ ಕೈಯಲ್ಲಿತ್ತು. ಘಮ್ಮೆನ್ನುತ್ತಿತ್ತು.

“ಹೂಂ, ನಾನೇ ಏನೋ ಮಾಡ್ದೆ” ಎಂದುಬಿಟ್ಟೆ.

ನಂಬಿ ನಕ್ಕಳು; ಒಳಗೆ ಇನ್ನೂ ನಗುತ್ತಿದ್ದಾಳೆ. ಡಾಕ್ಟರಿಗೆ ಫೋನ್ ಮಾಡಬೇಕು. ಏನಂತ —