ನೀಲಾ ಮುಗಿಸಿದ ಸಾಲುಗಳು

೧೪ ನವೆಂಬರ್ ೨೦೨೪, ಗುರುವಾರ. ಬಾಲಾನಗರ.

ಬೆಳಿಗ್ಗೆ ಡಾಕ್ಟರು ಮರೆವಿನ ಪರೀಕ್ಷೆಗೆಂದು ನನ್ನ ಹೆಂಡತಿ ನೀಲಾಳಿಗೆ ಹತ್ತು ಪದ ಓದಿಸಿದರು. ಸ್ವಲ್ಪ ಹೊತ್ತಿಗೇ ಆಕೆ, “ನಾ ಏನೂ ಓದಿಲ್ರಿ” ಎಂದಳು. ಮೊದಲಕ್ಷರ ಕೊಟ್ಟಾಗ ಮಾತ್ರ ಅವೇ ಪದ ಬಾಯಿಗೆ ಬಂದವು. ತಿಳಿಯದೆಯೇ ಒಳಗೆ ಉಳಿದಿರುತ್ತವಂತೆ. ಹಾಗಾದರೆ ನಾನೂ ಉಳಿದಿರಬಹುದೆಂದು ಆಸೆಯಾಯಿತು.

ಮನೆಗೆ ಬಂದು, ನಲವತ್ತು ವರ್ಷ ಆಕೆಗೆ ಹೇಳಿದ ನರಿಯ ಕಥೆ ತೆಗೆದೆ. ನಾನು ನಿಲ್ಲಿಸಿದಲ್ಲೆಲ್ಲ ಸಾಲನ್ನು ತಾನೇ ಮುಗಿಸಿದಳು, ನನ್ನದೇ ಧಾಟಿಯಲ್ಲಿ.

“ಇದನ್ನ ಯಾರು ಹೇಳಿದ್ರು?” ಎಂದೆ.

“ಬಾಜೂಮನಿ ಸುಬ್ಬಣ್ಣಾರು. ನಿಮಗ ಕಥಿ ಹೇಳಾಕ ಬರೂದಿಲ್ಲ ಬಿಡ್ರಿ. ಅವರನ್ನ ಕರೀರಿ.”

ನನ್ನ ಕಥೆಗೆ ಕೂತಲ್ಲೇ ಗೊರಕೆ ಹೊಡೆಯುವ ಸುಬ್ಬಣ್ಣ! ಆದರೂ ಕರೆದೆ. ಅವನ ಕಿವಿಯಲ್ಲಿ ಒಂದೊಂದೇ ಸಾಲು ಉಸುರಿದೆ, ಅವನು ಒಪ್ಪಿಸಿದ. ನನಗೆ ಹೇಳುತ್ತಿದ್ದ ಹೂಂ ಎಲ್ಲ ಅವನಿಗೆ ಹೇಳಿದಳು. ಎಷ್ಟೋ ದಿನದ ಮೇಲೆ ನಕ್ಕಳು, ಅವನ ಮುಖ ನೋಡಿ. ನಾನು ಪಕ್ಕದಲ್ಲೇ…