ಮೀನಿನ ತಂಗಿ

ಮಣ್ಣಗುಡ್ಡ, ಮಂಗಳೂರು
೬-೧-೧೯೩೯

ಚಿರಂಜೀವಿ ಗೋಪಾಲಕೃಷ್ಣನಿಗೆ,

ಆಶೀರ್ವಾದ. ಮುಂಬಯಿಯ ಚಳಿಗೆ ನಿನ್ನ ಕೆಮ್ಮು ಹೆಚ್ಚಿರಬಹುದು. ಖಾನಾವಳಿಯ ಊಟ ಒಗ್ಗಿತೇ? ರಾತ್ರಿ ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗು. ನಾನೂ ನಿನ್ನ ತಾಯಿಯೂ ಸೌಖ್ಯ. ನಿನ್ನ ಹೆಂಡತಿಯ ವಿಷಯ ಬರೆಯಬೇಕಾಗಿದೆ.

ಕೊಪ್ಪದಿಂದ ಬಂದಾಗ ಅಡಿಕೆಯಷ್ಟಿದ್ದ ನೀರಜಾಕ್ಷಿಯ ಕುತ್ತಿಗೆಯ ಬಾವು ಈಗ ಸೆರಗಿನಲ್ಲಿ ಮುಚ್ಚುವ ಹಾಗಿಲ್ಲ. ಡಾಕ್ಟರ್ ಜೋನ್ ಕೊಟ್ಟ ಹನಿಮದ್ದು ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಗ ಅವರು, "ಘಟ್ಟದ ನೀರಲ್ಲಿ ಅಯೋಡಿನ್ ಕಡಿಮೆ ಭಟ್ರೆ. ಇಲ್ಲಿಯವರಿಗೆ ಅದು ಮೀನಿನಿಂದ ಸಿಗ್ತದೆ, ನಿಮ್ಮ ಮನೆಯಲ್ಲಿ ಅದೂ ಇಲ್ಲ. ಕಡಲ ಪಾಚಿ ತಿನ್ನಿಸಿ ನೋಡುವ. ಅದರಲ್ಲಿ ಅಯೋಡಿನ್ ಬೇಕಾದಷ್ಟು ಉಂಟು, ಕಬ್ಬಿಣ, ಸುಣ್ಣದ ಅಂಶವೂ ಉಂಟು. ಜಪಾನಿನವರು ದಿನಾ ತಿಂತಾರೆ" ಎಂದರು. ಜಪಾನಿನವರ ಬಗ್ಗೆ ನನಗಿದ್ದ ಅಲ್ಪ ಗೌರವ ಅಲ್ಲಿಗೆ ಮುಗಿಯಿತು.

ಸುರತ್ಕಲ್ಲಿಗೆ ಬಸ್ಸಿನಲ್ಲಿ ಹೋದೆ. ಕಡಲಿನ ಇಳಿತದ ಹೊತ್ತು. ಬಂಡೆಗಳ ಮೇಲೆ ಹಸಿರು, ಕಂದು ಲೋಳೆ, ಸತ್ತ ಏಡಿಯ ನಾತ. ಕಚ್ಚೆ ಬಿಗಿದು ಬಗ್ಗಿ ಪಾಚಿ ಕೀಳುತ್ತಿದ್ದಾಗ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬಳು, "ಎಂತ ಭಟ್ರೆ, ಯಾವಾಗಿಂದ ನಮ್ಮ ಜಾತಿ ಸೇರಿದ್ದು?" ಎಂದಳು. ಜೊತೆಯವರೆಲ್ಲ ನಕ್ಕರು. ಹಿಂತಿರುಗುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಅಂಗಳದಲ್ಲಿ ಒಣಗಲು ಹರಡಿದೆ. ಕಾಗೆಯೂ ಹತ್ತಿರ ಬರಲಿಲ್ಲ. ನಿನ್ನ ತಾಯಿ ಮೂಗಿಗೆ ಸೆರಗು ಹಿಡಿದು, "ಇದು ಮೀನಿನ ತಂಗಿ. ನನ್ನ ಒಲೆಗೆ ಬರುವುದು ಬೇಡ" ಎಂದಳು. ಹಾಗಾಗಿ ಅದು ಬಚ್ಚಲ ಒಲೆಯಲ್ಲಿ ಗಂಜಿಯ ಜೊತೆ ಬೇಯುತ್ತದೆ. ಅದನ್ನು ತಿಂದವಳು ಅಡಿಗೆಮನೆಗೆ ಹೋಗುವಂತಿಲ್ಲ. ಅವಳ ಬಟ್ಟಲು ಹಿಂದಿನ ಜಗಲಿಯಲ್ಲಿ. ಮೊದಲ ದಿನ ಬಟ್ಟಲನ್ನು ಮುಂದಿಟ್ಟುಕೊಂಡು ಮುಟ್ಟದೆ ಕುಳಿತಿದ್ದಳು. ತಲೆ ಎತ್ತದೆ, "ಮಾವ, ನಿಮಗಾದರೆ ಇದನ್ನು ತಿನ್ನಲಿಕ್ಕೆ ಆಗ್ತದಾ?" ಎಂದು ಕೇಳಿದಳು. ನಾನು ಇನ್ನೊಂದು ಬಟ್ಟಲು ತಂದು ಅವಳೆದುರು ಕುಳಿತೆ. ಒದ್ದೆ ಚಪ್ಪಲಿಯ ಬಾರನ್ನು ನಾಲಗೆಯ ಮೇಲೆ ಇಟ್ಟ ಹಾಗೆ. ಗಂಟಲಿನವರೆಗೆ ತಾನೇ ಜಾರುತ್ತದೆ, ಅಲ್ಲಿ ನಿಂತು ಯೋಚಿಸುತ್ತದೆ. ನನ್ನ ಮುಖ ಕಂಡು ಅವಳಿಗೆ ನಗು ಬಂತು. ಆಮೇಲೆ ತಿಂದಳು. ಅಂದಿನಿಂದ ನನ್ನ ಊಟವೂ ಅಲ್ಲೇ. ನಿನ್ನ ತಾಯಿ ನಮ್ಮಿಬ್ಬರ ಲೋಟಕ್ಕೂ ಎತ್ತರದಿಂದ ನೀರು ಹೊಯ್ಯುತ್ತಾಳೆ. ಕೈಹಿಡಿದ ಗಂಡನಿಗೆ.

ಬಾವು ಇಳಿದಿದೆಯೇ, ಹೇಳಲಾರೆ. ತಿಂಗಳುಗಳು ಬೇಕಂತೆ. ಈ ಬಾವಿನ ಕಾರಣಕ್ಕೆ ವಿಷು ಹಬ್ಬಕ್ಕೆ ಮುಂಚೆ ಅವಳನ್ನು ತವರಿಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳದಿರುವುದೆಂದು ನಿನ್ನ ತಾಯಿ ನಿಶ್ಚಯಿಸಿದಾಗ, ನೀನು "ಅಮ್ಮ ಹೇಳಿದ ಹಾಗೆ ಆಗಲಿ" ಎಂದು ಬರೆದೆ. ಪಾಚಿ ನನಗೆ ಈಗ ಸ್ವಲ್ಪ ರೂಢಿಯಾಗಿದೆ. ನಿನ್ನ ಆ ಸಾಲು ಇನ್ನೂ ಗಂಟಲಿನಿಂದ ಇಳಿದಿಲ್ಲ.

ದೇವರು ನಿನ್ನ ಎದೆಗೆ ಆರೋಗ್ಯವನ್ನೂ ನಾಲಗೆಗೆ ನಿನ್ನದೇ ಒಂದು ಮಾತನ್ನೂ ಕೊಡಲಿ.

ನಿನ್ನ ತಂದೆ,
ವಿಠಲ

ಲಕೋಟೆ ಅಂಟಿಸುವ ಮುಂಚೆ ಇಷ್ಟು: ನಿನ್ನೆ ನಿನ್ನ ತಾಯಿ ಬಚ್ಚಲಿಗೆ ಹೋಗಿ, ಪಾತ್ರೆ ಮುಟ್ಟದೆ, ಮೇಲಿನಿಂದಲೇ ಸಾಸಿವೆ ಮೆಣಸಿನ ಒಗ್ಗರಣೆ ಸುರಿದು, "ಆ ಹೆಣ್ಣು ಅದನ್ನು ಬರೀ ಹಾಗೇ ಹೇಗೆ ತಿನ್ನುವುದು" ಎಂದು ಗೊಣಗುತ್ತ ಬಂದಳು. ತವರಿನ ಮಾತು ಮತ್ತೆ ಎತ್ತಿಲ್ಲ. ಇನ್ನು ನಿನಗೆ ಅಮ್ಮನ ನೆಪವೂ ಇಲ್ಲ. ವಿಷುವಿಗೆ ಬಾ. ಹಿಂದಿನ ಜಗಲಿಯಲ್ಲಿ ಮೂರನೆಯ ಬಟ್ಟಲು ಇಟ್ಟಿದ್ದೇನೆ.